ಹಾಡು ಕೇಳಿದ ಮದುವೆ ಗಾದಿ

ಶಹಾಪುರದ ಹಳೇ ಪೇಟೆಯಲ್ಲಿ ಮದುಮಗಳಿಗೆ ಗಾದಿ ಬೇಕೆಂದರೆ ಜನ ಮಕ್ತುಂಬಿಯ ಮನೆ ಕೇಳಿಕೊಂಡು ಬರುತ್ತಾರೆ. ಅಂಗಡಿಯಲ್ಲಿ ಗಾದಿ ಸಿಗುವುದಿಲ್ಲವೇ ಎಂದರೆ ಬೇಕಾದಷ್ಟು ಸಿಗುತ್ತವೆ. ಆದರೆ ಅಂಗಡಿ ಗಾದಿಯ ಮೇಲೆ ಮಧ್ಯಾಹ್ನ ಆಳು ಒರಗಿರುತ್ತಾನೆ, ಗಿರಾಕಿಗಳು ಕೂತು ಒತ್ತಿ ನೋಡಿರುತ್ತಾರೆ, ಲಾರಿಯ ಕ್ಲೀನರ್ ದಾರಿಯುದ್ದಕ್ಕೂ ಅದರ ಮೇಲೆಯೇ ಮಲಗಿ ಬಂದಿರುತ್ತಾನೆ. ಮಕ್ತುಂಬಿಯ ಮದುವೆ ಗಾದಿ ಹಾಗಲ್ಲ. ಅದಕ್ಕೆ ಮೊದಲು ತಾಗುವ ಬೆನ್ನು ಮದುಮಗಳದೇ. ದೋರನಹಳ್ಳಿಯಿಂದ ಸುರಪುರದವರೆಗೆ ಹೆಣ್ಣು ಹೆತ್ತವರಿಗೆಲ್ಲ ಈ ಮಾತು ಗೊತ್ತು. ಅವಳ ಅನ್ನ ನಿಂತಿರುವುದೂ ಇದೇ ಮಾತಿನ ಮೇಲೆ.

ಬೇರೆ ಗಾದಿಯಾದರೆ ಅವಳು ಅದರ ನಡುವೆಯೇ ಕಾಲು ಮಡಚಿ ಕೂತು ದಾರ ಎಳೆಯುತ್ತಾಳೆ. ಮದುವೆ ಗಾದಿಯಾದರೆ ಸುತ್ತ ತಿರುಗುತ್ತಾಳೆ. ಮೊಣಕಾಲು ನೆಲದ ಫರ್ಸಿಕಲ್ಲಿನ ಮೇಲೆ, ಎಡಗೈ ನೆಲಕ್ಕೆ ಊರಿ, ಬಲಗೈಯಲ್ಲಿ ಗೇಣುದ್ದದ ಸೂಜಿ. ನಡುವಿನ ಹೊಲಿಗೆಗೆ ಕೈ ನಿಲುಕದಿದ್ದರೆ ಗಾದಿಯನ್ನು ರೊಟ್ಟಿಯ ಹಾಗೆ ಮಡಚಿ ಹೊಲಿಯುತ್ತಾಳೆಯೇ ಹೊರತು ಮೇಲೆ ಏರುವುದಿಲ್ಲ. ಎಪ್ಪತ್ತರ ಹತ್ತಿರದ ಹೆಂಗಸು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಲಗುತ್ತಾಳೆ, ಮುಂಜಾನೆ ಎದ್ದು ಮತ್ತೆ ಸುತ್ತ ತಿರುಗುತ್ತಾಳೆ.

ಈ ಕಟ್ಟಳೆ ಹಾಕಿಕೊಟ್ಟವಳು ಅವಳ ಅತ್ತೆ. ಗಂಡ ಲಾಡ್ಲೇಸಾಬ ಜೀವನವಿಡೀ ಹತ್ತಿ ಹಿಂಜಿ, ಅದರ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಇನ್ನೂ ತಲೆ ನೆರೆಯುವ ಮೊದಲೇ ತೀರಿಕೊಂಡ. ಆಗ ಓಣಿಯ ಹಿರಿಯರು ಕೂತು, ಗಂಡ ಸತ್ತವಳ ಕೈಯಲ್ಲಿ ಮದುವೆ ಗಾದಿ ಆಗಬಹುದೇ ಎಂದು ಮಾತೆತ್ತಿದರು. ಅತ್ತೆ ಬಾಗಿಲ ಹಿಂದೆ ನಿಂತೇ ಹೇಳಿದಳಂತೆ: ಕೈ ಕಸುಬಿಂದು, ಬೆನ್ನು ಅಕಿದು. ಕೈ ಹತ್ತಬಹುದು, ಬೆನ್ನು ಹತ್ತಬಾರದು. ಹಿರಿಯರಿಗೆ ಅದು ಸರಿ ಕಂಡಿತು. ಅಂದಿನಿಂದ ಮಕ್ತುಂಬಿಯ ಕೈ ಯಾವ ಮದುವೆಗೂ ಬೇಡವಾಗಲಿಲ್ಲ.

ಅವಳ ಸ್ವಂತ ಮದುವೆಯ ಗಾದಿಯ ಕತೆಯನ್ನು ಅವಳು ಯಾರಿಗೂ ಹೇಳಿದವಳಲ್ಲ, ನೋಡಿದವರು ಮಾತ್ರ ಬಲ್ಲರು. ನಿಕಾಹ್ ಇನ್ನೂ ಆಗಿರಲಿಲ್ಲ. ಗಂಡಿನ ಕಡೆಯ ಒಬ್ಬ ಮುದುಕಿ ಸೊಂಟ ನೋವೆಂದು ಹೊಸ ಗಾದಿಯ ಸುರುಳಿ ಬಿಚ್ಚಿಸಿ ಮಲಗಿ ನಿದ್ದೆ ಹೊಡೆದಳು. ಮದುಮಗಳು ಮೂಲೆಯಲ್ಲಿ ಸೆರಗಿನ ಸಂದಿಯಿಂದ ನೋಡಿದಳು. ಗಂಡ ಸತ್ತ ಮೇಲೆ ಆ ಗಾದಿಯನ್ನು ದರ್ಗಾದ ಫಕೀರನಿಗೆ ಕೊಟ್ಟುಬಿಟ್ಟಳು. ಅಲ್ಲಿಂದ ಇಲ್ಲಿಯವರೆಗೆ ಚಾಪೆ ಮತ್ತು ಕೌದಿ, ಅಷ್ಟೇ. ಊರಿಗೆಲ್ಲ ಗಾದಿ ತುಂಬಿದವಳಿಗೆ ತನ್ನದೆಂಬ ಒಂದು ಗಾದಿ ಇರಲಿಲ್ಲ.

ಮನೆಯ ಹಿಂದೆ ಅವಳ ಕಲ್ಲಿನ ಕೋಣೆ ಇದೆ. ಗೋಡೆ ಕಲ್ಲು, ಮೇಲೆ ಶಹಾಬಾದ ಫರ್ಸಿ ಹೊದಿಸಿದ್ದು. ಒಂದು ಮೂಲೆಯಲ್ಲಿ ಹತ್ತಿ ಹಿಂಜುವ ಕರೆಂಟಿನ ಮಷಿನ್ನು, ಇನ್ನೊಂದು ಗೋಡೆಗೆ ಲಾಡ್ಲೇಸಾಬನ ಹಿಂಜುವ ಬಿಲ್ಲು ಮೊಳೆಗೆ ನೇತುಹಾಕಿದ್ದು. ಬಿಲ್ಲಿನ ನರ ಹರಿದುಹೋಗಿ ಎಷ್ಟೋ ಕಾಲವಾಗಿದೆ. ಚಳಿಗಾಲ ಕಳೆಯುವ ಹೊತ್ತಿಗೆ ಅವಳ ಮೈದುನನ ಮೊಮ್ಮಗ ಮುಜಫರ ಈ ಕೋಣೆ ಕೇಳಿಕೊಂಡು ಬಂದ. ಸುರಪುರದ ಬಸ್ ಸ್ಟ್ಯಾಂಡಿನ ಹಿಂದೆ ಮೋಟರ್‌ಸೈಕಲ್ ರಿಪೇರಿ ಮಾಡುವ ಹುಡುಗ. ಅವನ ಕೈಯ ಎಣ್ಣೆಮಸಿ ಹೋದದ್ದನ್ನು ಮಕ್ತುಂಬಿ ಕಂಡೇ ಇಲ್ಲ. ಅದೇ ಕೈಯಲ್ಲಿ ಗಿಟಾರು ಹಿಡಿಯುತ್ತಾನೆಂದು ಅವಳಿಗೆ ಗೊತ್ತಾದದ್ದು ಆ ದಿನವೇ.

ವಿಷಯ ಹೀಗಿತ್ತು. ಸುರಪುರದಲ್ಲಿ ಇವನದೊಂದು ಗುಂಪು, ಹೆಸರು ಕಬ್ಬಿಣದ ಕಡಲೆ. ಜೋರಾಗಿ ಬಾರಿಸಿ ಕೂಗಿ ಹಾಡುವವರು. ಅದಕ್ಕೆ ಹಾರ್ಡ್‌ಕೋರ್ ಅನ್ನುತ್ತಾರಂತೆ. ಯಾದಗಿರಿಯಲ್ಲಿ ಇನ್ನೊಂದು ಗುಂಪು, ಹೆಸರು ದೂರದ ಸಿಗ್ನಲ್. ಅವರಲ್ಲಿ ಹಾಡುವವರೇ ಇಲ್ಲ, ಬರೀ ಗಿಟಾರು, ಮೆಲ್ಲಗೆ, ಉದ್ದಕ್ಕೆ. ಅದಕ್ಕೆ ಪೋಸ್ಟ್ ರಾಕ್ ಅನ್ನುತ್ತಾರಂತೆ. ಎರಡೂ ಗುಂಪು ಕೂಡಿ ಒಂದು ರೆಕಾರ್ಡ್ ಮಾಡಬೇಕು. ಒಂದು ಹಾಡು ಇವರದು, ಒಂದು ಹಾಡು ಅವರದು ಎಂದಲ್ಲ, ಪ್ರತಿಯೊಂದು ಹಾಡಿನಲ್ಲಿಯೂ ಎರಡೂ ಇರಬೇಕು. ಶಹಾಪುರ ಎರಡೂ ಊರಿಗೆ ನಡುವೆ. ಅಕ್ಕಪಕ್ಕದವರು ಹಿಂಜುವ ಮಷಿನ್ನಿನ ಸದ್ದು ಕೇಳಿ ಕೇಳಿ ಒಗ್ಗಿಹೋದವರು, ಇನ್ನೊಂದು ಸದ್ದಿಗೆ ಜಗಳಕ್ಕೆ ಬರುವುದಿಲ್ಲ. ಮುಜಫರ ಇದನ್ನೆಲ್ಲ ಬಿಡಿಸಿ ಹೇಳಿದ. ಮಕ್ತುಂಬಿ ಎಲ್ಲ ಕೇಳಿ, ತವೆ ಎಲ್ಲಿ ತಿರುಗುತ್ತದೆ ಎಂದಳು. ಅವಳ ಕಾಲದಲ್ಲಿ ರೆಕಾರ್ಡ್ ಎಂದರೆ ಗ್ರಾಮಫೋನಿನ ಕರಿ ತವೆ. ತವೆ ಇಲ್ಲ ದಾದಿ, ಫೋನಿನಾಗ ಬರ್ತದ ಎಂದ ಮೊಮ್ಮಗ. ತವೆ ಇಲ್ಲದ ರೆಕಾರ್ಡ್ ಹೇಗಿರುತ್ತದೆ ಎಂಬ ಕುತೂಹಲಕ್ಕೇ ಅವಳು ಬೀಗದಕೈ ಕೊಟ್ಟಳು.

ಮುಂಜಾನೆ ಅವಳ ಹತ್ತಿ, ಮಧ್ಯಾಹ್ನ ಅವರ ಹಾಡು ಎಂದು ಮಾತಾಯಿತು.

ಯಾದಗಿರಿಯಿಂದ ಬಂದವರಲ್ಲಿ ಮುಖ್ಯಸ್ಥ ಸಾಯಿಕುಮಾರ. ಅಪ್ಪ ರೈಲ್ವೆಯಲ್ಲಿ ಗ್ಯಾಂಗಿನ ಕೆಲಸದವನು, ಮಗ ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಮಾತು ಕಡಿಮೆ, ಗಡ್ಡ ಹೆಚ್ಚು. ಅವನು ಬಾರಿಸತೊಡಗಿದಾಗ ಮಕ್ತುಂಬಿ ಹೊಸ್ತಿಲಲ್ಲಿ ಕೂತು ಹಾಡು ಶುರುವಾಗಲಿ ಎಂದು ಕಾದಳು. ಒಂದು ತಂತಿಯ ದನಿ ಬಂತು, ಅದರ ಮೇಲೆ ಇನ್ನೊಂದು, ಅದೇ ಮತ್ತೆ, ಅದೇ ಮತ್ತೆ, ಪ್ರತಿ ಸಲ ಒಂದೆಳೆ ಹೆಚ್ಚು. ಅವಳು ಕಾಯುತ್ತಲೇ ಇದ್ದಳು. ಆಮೇಲೆ ಅವರು ಕೈ ನಿಲ್ಲಿಸಿ ನೀರು ಕುಡಿದರು. ಹಾಡು ಯಾವಾಗ ಶುರುವಾಗುತ್ತದೆ ಎಂದು ಅವಳು ಕೇಳಿದಾಗ ಸಾಯಿಕುಮಾರ ನಾಚಿಕೊಂಡು, ಮುಗೀತ್ರಿ ಆಯಿ ಎಂದ.

ಸುರಪುರದವರಲ್ಲಿ ಕೂಗುವವಳು ಭಾರತಿ. ಅಂಗನವಾಡಿಯಲ್ಲಿ ಮಕ್ಕಳಿಗೆ ಅನ್ನ ಕಲಸಿ ತಿನ್ನಿಸುವ ಹುಡುಗಿ. ಮೈಯಲ್ಲಿ ಮಾಂಸವೆಂಬುದಿಲ್ಲ, ಬಸ್ಸಿಳಿದು ಬರುವಾಗ ತಲೆ ತಗ್ಗಿಸಿ ಬರುತ್ತಾಳೆ, ಬಂದೊಡನೆ ಮಕ್ತುಂಬಿಯ ಕಾಲು ಮುಟ್ಟುತ್ತಾಳೆ. ಇಷ್ಟು ಮೆತ್ತಗಿನ ಹುಡುಗಿ ಏನು ಕೂಗೀತು ಎಂದುಕೊಂಡಿದ್ದಳು. ಡ್ರಮ್ಮು ಗುಡುಗಿ, ಮುಜಫರನ ಗಿಟಾರು ಘಾಟಿ ಏರುವ ಲಾರಿಯ ಹಾಗೆ ಗುರುಗುಟ್ಟಿ, ಆಮೇಲೆ ಭಾರತಿಯ ಬಾಯಿ ತೆರೆಯಿತು. ಮಕ್ತುಂಬಿಯ ಕೈಯಲ್ಲಿದ್ದ ಸೂಜಿ ಕೆಳಗೆ ಬಿತ್ತು. ಓಣಿಯ ನಾಯಿಯೊಂದು ಎದ್ದು ದೂರ ಹೋಗಿ ಮಲಗಿತು.

ಬಾರಿಸುವುದು ನಿಂತಾಗ ಅವಳು ಭಾರತಿಯನ್ನು ಪಕ್ಕಕ್ಕೆ ಕರೆದು, ಯಾರ ಮೇಲೆ ಇಷ್ಟು ಸಿಟ್ಟು, ಮನೆಯಲ್ಲಿ ಯಾರಾದರೂ ಏನಾದರೂ ಅಂದರೇ ಎಂದು ವಿಚಾರಿಸಿದಳು. ಭಾರತಿ ನಕ್ಕಳು.

"ಸಿಟ್ಟಲ್ಲ ಆಯಿ. ದಿನಾ ಕೈ ಒಂದು ಕಡಿ, ಕಣ್ಣು ಒಂದು ಕಡಿ, ಮನಸ್ಸು ಒಂದು ಕಡಿ ಇರ್ತದ. ಕೂಗುವಾಗ ಅಷ್ಟೇ ನಾ ಪೂರಾ ಒಂದೇ ಕಡಿ ಇರ್ತೀನಿ."

ಆ ಮಾತು ಮಕ್ತುಂಬಿಯ ತಲೆಯಲ್ಲಿ ಉಳಿಯಿತು. ಅವರು ಹೇಳಿದ ಇಂಗ್ಲಿಷು ಹೆಸರುಗಳು ಉಳಿಯಲಿಲ್ಲ. ಅವಳು ತನ್ನದೇ ಹೆಸರಿಟ್ಟುಕೊಂಡಳು: ಸಾಯಿಕುಮಾರನದು ನೂಲುವ ಹಾಡು, ಭಾರತಿಯದು ಹಿಂಜುವ ಹಾಡು. ಅವಳಿಗೆ ತಿಳಿಯದ್ದು ಒಂದೇ. ಲೋಕದಲ್ಲಿ ಮೊದಲು ಹಿಂಜುತ್ತಾರೆ, ಆಮೇಲೆ ನೂಲುತ್ತಾರೆ. ಈ ಹುಡುಗರು ಅಷ್ಟು ನಾಜೂಕಾಗಿ ನೂತು, ಎಳೆ ಕೂಡಿಸಿ, ಕೊನೆಗೆ ಅದನ್ನೇ ತಂದು ಹಿಂಜುವವರ ಕೈಗೆ ಕೊಡುತ್ತಾರೆ. ಯಾಕಿರಬಹುದು? ರೊಟ್ಟಿ ಬಡಿಯುವಾಗ, ಬಾವಿಕಟ್ಟೆಗೆ ಹೋಗುವಾಗ ಇದನ್ನೇ ಯೋಚಿಸುತ್ತಿದ್ದಳು. ಬಾವಿಕಟ್ಟೆಯಲ್ಲಿ ಯಾರೋ, ಮುದುಕಿಗೆ ಈಗ ಹಾಡಿನ ಹುಚ್ಚು ಹಿಡಿದಿದೆ, ಇನ್ನು ಪ್ಯಾಂಟು ತೊಡುವುದೊಂದು ಬಾಕಿ ಎಂದು ಚಾಷ್ಟಿ ಮಾಡಿದರೂ ಅವಳು ಕೊಡ ತುಂಬಿಕೊಂಡು ನಕ್ಕು ಬಂದಳು.

ತೊಂದರೆ ಬಂದದ್ದು ಕಲ್ಲಿನಿಂದ. ಭಾರತಿ ಕೂಗಿದ್ದು ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು, ತಿರುಗಿ ಬಂದದ್ದು ಸಾಯಿಕುಮಾರನ ಸಣ್ಣ ದನಿಯನ್ನು ನುಂಗುತ್ತಿತ್ತು. ಗ್ವಾಡಿ ಎದುರು ಮಾತಾಡಾಕತ್ತದ ಎಂದು ಅವನು ಕಿವಿಯಿಂದ ಇಯರ್‌ಫೋನಿನ ತಂತಿ ತೆಗೆದಿಟ್ಟ. ಹತ್ತಿ ಸದ್ದು ಕುಡಿಯುತ್ತದೆ ಎಂದು ಹುಡುಗರೇ ಹೇಳಿದರು. ಹಿಂಜಲು ಬಂದಿದ್ದ ಹಳೆಯ ಗಾದಿಗಳನ್ನೆಲ್ಲ ಮಕ್ತುಂಬಿ ಕೊಟ್ಟಳು. ಅವರು ತೊಲೆಗೆ ಹಗ್ಗ ಕಟ್ಟಿ, ಗಾದಿಯ ಅಂಚನ್ನು ಕಟ್ಟಿಗೆಯ ಪಟ್ಟಿಗಳ ನಡುವೆ ಹಿಡಿಸಿ, ಎರಡು ಗೋಡೆಗೆ ತೂಗುಬಿಟ್ಟರು. ಆದರೆ ಹಳೆಯ ಹತ್ತಿ ಗಡ್ಡೆಗಟ್ಟಿದ್ದು, ತೆಳ್ಳಗಾದದ್ದು. ಉಳಿದೆರಡು ಗೋಡೆ ಹಾಗೇ ಬರಿದಾಗಿದ್ದವು. ಮುಜಫರನ ಕಣ್ಣು ಹಲಗೆಯ ಮೇಲೆ ಬಿಳಿ ಚಾದರದಲ್ಲಿ ಸುತ್ತಿಟ್ಟಿದ್ದ ಎರಡು ಗಾದಿಗಳ ಮೇಲೆ ಬಿತ್ತು.

ಅವು ಗುಡ್ಡಿಯ ಮದುವೆ ಗಾದಿಗಳು. ಗುಡ್ಡಿ ಎಂದರೆ ಖುರ್ಷೀದಬೇಗಂಳ ಕೊನೆಯ ಮಗಳು. ಖುರ್ಷೀದಬೇಗಂ ಮೇಲಿನ ಓಣಿಯ ಬಳೆ ಅಂಗಡಿಯವಳು. ಅವಳ ನಾಲಿಗೆಯಲ್ಲಿ ಬಿದ್ದ ಮಾತು ಸಂಜೆಯೊಳಗೆ ಎಲ್ಲ ಹೆಂಗಸರ ಕೈಬಳೆಯ ಜತೆಗೇ ಮನೆ ಮನೆ ಮುಟ್ಟುತ್ತದೆ. ಹೊಸ ಹತ್ತಿ, ದಪ್ಪ ತುಂಬಿದ್ದು, ಮೇಲೆ ಕೆಂಪು ಬಟ್ಟೆಯ ಗಲೀಫು. ಮಕ್ತುಂಬಿ ಮೊದಲು ಬೇಡವೇ ಬೇಡ ಎಂದಳು. ಆದರೆ ಅವಳಿಗೂ ಆ ನೂಲುವುದು ಹಿಂಜುವುದು ಎರಡೂ ಒಂದೇ ಕೋಣೆಯಲ್ಲಿ ಒಂದನ್ನೊಂದು ನುಂಗದೆ ಇರುವುದನ್ನು ಕೇಳಬೇಕಿತ್ತು. ಒಂದು ದಿನ ಕುಂತಲ್ಲಿ ನಿಂತಲ್ಲಿ ಯೋಚಿಸಿದಳು. ಮಲಗಿದ್ದಕ್ಕೆ ಗಾದಿ ಅನ್ನುತ್ತಾರೆ, ನಿಂತದ್ದಕ್ಕೆ ಗೋಡೆ ಅನ್ನುತ್ತಾರೆ. ತೂಗುಬಿಟ್ಟ ಗಾದಿಯ ಮೇಲೆ ಯಾರೂ ಕೂರಲಾರರು, ಮಲಗಲಾರರು. ಬೆನ್ನು ತಾಗದಿದ್ದರೆ ಕಟ್ಟಳೆ ಮುರಿಯುವುದೂ ಇಲ್ಲ. ಮದುವೆ ಇನ್ನೂ ರಂಜಾನ್ ಕಳೆದ ಮೇಲೆ. ಅಷ್ಟರಲ್ಲಿ ಇವರ ಕೆಲಸ ಮುಗಿದಿರುತ್ತದೆ.

ಹೀಗೆ ತನಗೆ ತಾನೇ ತೀರ್ಪು ಕೊಟ್ಟುಕೊಂಡು ಗಾದಿ ಇಳಿಸಿಕೊಟ್ಟಳು. ಯಾರೂ ಅದಕ್ಕೆ ಆತುಕೊಳ್ಳದಂತೆ ಕಾಯಲು ಹತ್ತಿ ಬಡಿಯುವ ಬೆತ್ತ ಹಿಡಿದು, ಒಂದು ಸಣ್ಣ ಮಣೆ ಹಾಕಿಕೊಂಡು ಬಾಗಿಲ ಕಡೆಯ ಗಾದಿಯ ಮಗ್ಗುಲಲ್ಲೇ ಕೂತಳು. ಡ್ರಮ್ಮಿನವನು ಬೆವರು ಒರೆಸಿಕೊಳ್ಳುತ್ತ ಎರಡು ಹೆಜ್ಜೆ ಹಿಂದೆ ಸರಿದರೂ ಬೆತ್ತ ಮೇಲೇಳುತ್ತಿತ್ತು. ಮಲಗಿದ ಮನುಷ್ಯನ ಹಾಗೆ ಕಾಣುವ ಊರ ಗುಡ್ಡವನ್ನು ನೆನೆದು, ನಿಮ್ಮ ಶಹಾಪುರದ ಗುಡ್ಡ ಗಾದಿ ಇಲ್ದೇ ಮಲಗ್ಯದ, ನಾವು ಗಾದಿ ಇದ್ದೂ ನಿಂತೇವಿ ಎಂದು ಸಾಯಿಕುಮಾರ ಒಮ್ಮೆ ಅಂದ. ಅವನು ಮಾಡಿದ ತಮಾಷೆ ಅದೊಂದೇ ಇರಬೇಕು, ಎಲ್ಲರೂ ಅದನ್ನು ಬಹಳ ದಿನ ಎತ್ತಾಡಿದರು.

ಗಾದಿ ತೂಗುಬಿಟ್ಟ ಮೇಲೆ ಕೋಣೆಯೇ ಬೇರೆಯಾಯಿತು. ಮಾತಾಡಿದ ಮಾತು ಬಾಯಿಯ ಮುಂದೆಯೇ ನಿಲ್ಲುತ್ತಿತ್ತು. ಒಂದರ ಹಿಂದೆ ಒಂದು ಹಾಡು ಕಂಪ್ಯೂಟರಿನೊಳಗೆ ಹೋದವು. ಹುಡುಗರು ಜಗಳಾಡಲಿಲ್ಲವೆಂದಲ್ಲ. ಕೂಗು ಬೇಗ ಬಂತು ಎಂದು ಸಾಯಿಕುಮಾರ, ಇಷ್ಟು ಕಾಯೋದರಾಗ ಸುರಪುರದ ಬಸ್ಸು ಹೋಗಿ ತಿರುಗಿ ಬರ್ತದ ಎಂದು ಮುಜಫರ. ಇಬ್ಬರ ನಡುವೆ ಭಾರತಿ ಕಡಲೆ ತಿನ್ನುತ್ತ ಕೂತಿರುತ್ತಿದ್ದಳು.

ಬಿಸಿಲು ಏರಿತ್ತು. ಫ್ಯಾನಿನ ಸದ್ದು ಒಳಗೆ ಹೋಗುತ್ತದೆಂದು ಫ್ಯಾನು ಬಂದ್. ಆ ದಿನ ಒಂದು ಉದ್ದದ ಹಾಡು. ಮಕ್ತುಂಬಿ ಮುಂಜಾನೆಯಿಂದ ಬಗ್ಗಿ ದುಡಿದು ಬಂದಿದ್ದಳು. ಸಾಯಿಕುಮಾರನ ಗಿಟಾರು ಒಂದೇ ಎಳೆಯನ್ನು ಬಿಡದೆ ಎಳೆಯುತ್ತಿತ್ತು, ಭೀಮೆಯ ಮೇಲಿನ ಸೇತುವೆಯಲ್ಲಿ ರೈಲು ದೂರ ಹೋಗಿ ಹೋಗಿ ಇನ್ನೂ ಹೋಗುತ್ತಲೇ ಇರುವ ಹಾಗೆ. ಅವಳ ಕಣ್ಣು ಮುಚ್ಚಿತು. ಯಾವಾಗ ಮಣೆ ಹಿಂದಕ್ಕೆ ಸರಿಯಿತೋ, ಯಾವಾಗ ಮೈ ಜಾರಿತೋ. ತೀರ ಮೆತ್ತಗಿನ ಏನೋ ಒಂದು ಅವಳನ್ನು ಹಿಂದಿನಿಂದ ಹಿಡಿದುಕೊಂಡಿತು. ಇಷ್ಟು ವರ್ಷ ಊರವರಿಗೆ ತುಂಬಿಕೊಟ್ಟದ್ದು ಹೀಗಿರುತ್ತದೆಯೇ ಎಂದು ಅರೆನಿದ್ದೆಯಲ್ಲಿ ಬೆರಗಾದಳು. ಅಷ್ಟರಲ್ಲಿ ಡ್ರಮ್ಮು ಬಿತ್ತು, ಭಾರತಿ ಕೂಗಿದಳು, ಆ ಪೆಟ್ಟು ಕಿವಿಗೆ ಬರುವ ಮೊದಲು ಹತ್ತಿಯೊಳಗಿಂದ ಅವಳ ಬೆನ್ನಿಗೆ ಬಂತು. ಎದೆಯ ತನಕ ನಡೆದು ಬಂತು. ಬೆನ್ನಿಗೆ! ಅವಳು ಹಾವು ಮೆಟ್ಟಿದವಳಂತೆ ಎದ್ದು ನಿಂತಳು.

ಯಾರೂ ನೋಡಿರಲಿಲ್ಲ. ಭಾರತಿಯ ಕಣ್ಣು ಮುಚ್ಚಿದ್ದವು, ಉಳಿದವರ ಕಣ್ಣು ತಮ್ಮ ತಮ್ಮ ಬೆರಳ ಮೇಲೆ. ಗಾದಿಯ ಕೆಂಪು ಬಟ್ಟೆಯ ಮೇಲೆ ಬೆವರಿನ ಗುರುತು ಸ್ವಲ್ಪ ಇತ್ತು, ನೋಡುತ್ತಿದ್ದ ಹಾಗೇ ಆರಿಹೋಯಿತು. ಬೆನ್ನು ತಾಗಿದ್ದು ಅವಳಿಗೆ ಮತ್ತು ಮೇಲಿನವನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ತಾಗಿದ್ದಾದರೂ ಯಾರ ಬೆನ್ನು, ಗಂಡ ಸತ್ತವಳ ಬೆನ್ನು. ಹೇಳಿದರೆ ಹೆಸರು ಹೋಗುತ್ತದೆ. ಹೇಳದಿದ್ದರೆ ಗುಡ್ಡಿ ಅದರ ಮೇಲೆ ಮಲಗುತ್ತಾಳೆ, ಮೂಲೆಯಲ್ಲಿ ಸೆರಗಿನ ಸಂದಿಯಿಂದ ನೋಡುವವಳು ಈ ಸಲ ಯಾರೂ ಇರುವುದಿಲ್ಲ. ಆ ವಾರ ಮಕ್ತುಂಬಿ ಬಡಿದ ರೊಟ್ಟಿಯನ್ನೆಲ್ಲ ಓಣಿಯ ನಾಯಿಗೇ ಹಾಕಿದಳು. ಆದರೂ ಒಂದು ವಿಚಿತ್ರ: ಕೋಣೆಗೆ ಹೋಗುವುದನ್ನು ಅವಳು ಬಿಡಲಿಲ್ಲ. ಕಿವಿಗಿಂತ ಮೊದಲು ಬೆನ್ನು ಹೇಗೆ ಕೇಳಿತು ಎಂಬುದು ಅವಳನ್ನು ಕಾಡುತ್ತಿತ್ತು. ಹತ್ತಿ ಸದ್ದು ಕುಡಿಯುತ್ತದೆ ಎಂದಿದ್ದರಲ್ಲ, ಕುಡಿದದ್ದನ್ನು ಎಲ್ಲಿ ಇಡುತ್ತದೆ?

ಕೊನೆಯ ಹಾಡೊಂದು ಬಾಕಿ ಇರುವಾಗ ಶುಕ್ರವಾರ ನಮಾಜು ಬಿಟ್ಟ ಹೊತ್ತಿಗೆ ಮನೆ ಮುಂದೆ ಟಂಟಂ ಗಾಡಿ ನಿಂತಿತು. ಖುರ್ಷೀದಬೇಗಂ ಇಳಿದಳು, ಹಿಂದೆ ಗುಡ್ಡಿ. ಶಾದಿಮಹಲ್ ರಂಜಾನ್ ಆದಮೇಲೆ ಸಿಗುವುದಿಲ್ಲವಂತೆ, ಗಂಡಿನವರು ಮದುವೆಯನ್ನು ಮುಂದಿನ ಆದಿತ್ಯವಾರಕ್ಕೇ ಎಳೆದುಕೊಂಡಿದ್ದಾರೆ, ಗಾದಿ ಈಗಲೇ ಒಯ್ಯಬೇಕು. ಮುಜಫರ ಅಡುಗೆಮನೆಯ ಬಾಗಿಲಲ್ಲಿ ಅಜ್ಜಿಯ ಸೆರಗು ಹಿಡಿದ. ಒಂದೇ ಹಾಡು ದಾದಿ, ಗಾದಿ ಹೋದರೆ ಆ ಹಾಡು ಬೇರೆ ಮನೆಯಲ್ಲಿ ಹಾಡಿದ ಹಾಗೆ ಕೇಳುತ್ತದೆ, ಇನ್ನೂ ಹೊಲಿಗೆ ಬಾಕಿ ಅಂತ ಹೇಳು ಎಂದ. ಮಕ್ತುಂಬಿ ಹೊರಗೆ ಬಂದು, ನಾಳೆ ಎಂದಳು. ಹೊಲಿಯುವವರ ನಾಳೆಯನ್ನು ಅರಿಯದ ಹೆಂಗಸು ಖುರ್ಷೀದಬೇಗಂ ಅಲ್ಲ. ಎಷ್ಟಾಗಿದೆಯೋ ನೋಡೇ ಹೋಗುತ್ತೇನೆ ಎಂದು ನೇರ ಹಿಂದಿನ ಕೋಣೆಗೆ ನಡೆದಳು.

ಬಾಗಿಲು ತೆಗೆದವಳು ಅಲ್ಲೇ ನಿಂತಳು. ನೆಲದ ತುಂಬ ಕರಿ ವೈರು, ಪೆಟ್ಟಿಗೆಗಳು, ನಡುವೆ ತಲೆಗೂದಲು ಬಿಚ್ಚಿಕೊಂಡ ಒಂದು ಹುಡುಗಿ, ಸುತ್ತ ಗಡ್ಡದ ಹುಡುಗರು. ಎರಡು ಗೋಡೆಗಳ ಮೇಲೆ, ಕಸಾಯಿ ಅಂಗಡಿಯಲ್ಲಿ ತೂಗುಬಿಟ್ಟ ಹಾಗೆ, ತನ್ನ ಮಗಳ ಎರಡು ಕೆಂಪು ಗಾದಿಗಳು.

ಆ ಇಬ್ಬರು ಹೆಂಗಸರ ಮನೆಮಾತು ಉರ್ದು. ಆದರೆ ಖುರ್ಷೀದಬೇಗಂಳದೊಂದು ರೂಢಿ ಇದೆ, ನಾಲ್ಕು ಜನರ ಎದುರು ಲೆಕ್ಕ ತೀರಿಸುವಾಗ ಎಲ್ಲರಿಗೂ ತಿಳಿಯಲೆಂದು ಕನ್ನಡಕ್ಕೆ ಬರುತ್ತಾಳೆ. ಈಗ ಕನ್ನಡಕ್ಕೆ ಬಂದಳು.

"ಖಾಲಾ, ಇದರ ಮ್ಯಾಲ ಯಾರರೆ ಕುಂತಾರೇನು?"

"ಇಲ್ಲ."

"ಮಲಗ್ಯಾರೇನು?"

"ತೂಗಬಿಟ್ಟದ್ದರ ಮ್ಯಾಲ ಹ್ಯಾಂಗ ಮಲಗ್ತಾರ?"

"ಹಂಗಾದ್ರ ನಿಮ್ಮ ಮಾರಿ ಯಾಕ ಇಷ್ಟು ಸಣ್ಣದಾಗ್ಯದ?"

ಮುಜಫರ ಅಜ್ಜಿಯ ಕಡೆ ನೋಡಿದ. ಮಕ್ತುಂಬಿ ಅವನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಬೆತ್ತವನ್ನು ಗೋಡೆಗೆ ಆನಿಸಿಟ್ಟಳು.

"ಈ ಬಾಗಿಲ ಕಡಿ ಗಾದಿಗಿ ನನ್ನ ಬೆನ್ನು ಹತ್ಯದ. ಕುಂತಲ್ಲೇ ಕಣ್ಣು ಹತ್ತಿತ್ತು. ಯಾರೂ ನೋಡಿಲ್ಲ, ನಾನೇ ಹೇಳಾಕತ್ತೀನಿ."

ಕೋಣೆಯಲ್ಲಿ ಹತ್ತಿಯೇ ತುಂಬಿದ್ದರಿಂದ ಆ ಮಾತು ಎಲ್ಲಿಗೂ ಬಡಿಯದೆ ಅಲ್ಲೇ ನಿಂತಿತು. ಆಗ ಹಿಂದಿನಿಂದ ಗುಡ್ಡಿ ಮುಂದೆ ಬಂದಳು. ಡಿಗ್ರಿ ಓದಿದ ಹುಡುಗಿ, ಮದುವೆ ಗೊತ್ತಾದಾಗಿನಿಂದ ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಅವಳು ಗಾದಿಯ ಹತ್ತಿರ ಹೋಗಲಿಲ್ಲ, ಮಕ್ತುಂಬಿಯ ಹತ್ತಿರ ಬಂದಳು.

"ನಾನಿ, ಏನ್ ಕೇಳ್ಕೋತ ಕಣ್ಣು ಹತ್ತಿತ್ತು ನಿಮಗ? ಅದು ನನಗೂ ಕೇಳಸ್ರಿ."

ತಾಯಿ ಬೇಡವೆಂದಳು, ಟಂಟಂ ಕಾಯುತ್ತಿದೆ ಎಂದಳು. ಗುಡ್ಡಿ ಫರ್ಸಿಯ ಮೇಲೆ ಕೂತೇಬಿಟ್ಟಳು. ಮದುವೆಗೆ ಒಂಬತ್ತು ದಿನವಿರುವ ಹುಡುಗಿಯನ್ನು ನೆಲದಿಂದ ಎಳೆದೆಬ್ಬಿಸುವುದಾದರೂ ಹೇಗೆ? ಖುರ್ಷೀದಬೇಗಂ ಬುರ್ಖಾ ಮಡಚಿಕೊಂಡು ತಾನೂ ಕೂತಳು. ಸಾಯಿಕುಮಾರ ಮುಜಫರನ ಮುಖ ನೋಡಿ ತಂತಿ ಮೀಟಿದ.

ಎಳೆ ಬಂತು, ಅದರ ಮೇಲೆ ಎಳೆ ಬಂತು. ಖುರ್ಷೀದಬೇಗಂ, ಹಾಡು ಯಾವಾಗ ಶುರುವಾಗುತ್ತದೆ ಎಂದು ಮಕ್ತುಂಬಿಯ ಕಿವಿಯಲ್ಲಿ ಕೇಳಿದಳು. ಆಗ್ಯದ ಎಂದಳು ಮಕ್ತುಂಬಿ. ಗುಡ್ಡಿ ಮೊಣಕಾಲು ಕಟ್ಟಿಕೊಂಡು, ಗದ್ದ ಅದರ ಮೇಲಿಟ್ಟು, ತಂತಿಯ ಮೇಲಿನ ಬೆರಳುಗಳನ್ನೇ ನೋಡುತ್ತಿದ್ದಳು. ನೂಲು ಉದ್ದವಾಗುತ್ತ, ತುಂಬುತ್ತ, ಇನ್ನು ಕೋಣೆಯಲ್ಲಿ ಜಾಗವಿಲ್ಲ ಅನ್ನುವಾಗ ಡ್ರಮ್ಮು ಬಿದ್ದು ಭಾರತಿ ಕೂಗಿದಳು. ಖುರ್ಷೀದಬೇಗಂ ಎದೆ ಮುಟ್ಟಿಕೊಂಡು ತೌಬಾ ಎಂದಳು. ಮಕ್ತುಂಬಿ ಮಾತ್ರ ಈ ಸಲ ಎಚ್ಚರದಿಂದ ಕೇಳಿದಳು. ಕೂಗು ನೂಲನ್ನು ಹರಿಯಲಿಲ್ಲ. ಅದರ ಅಡಿಯಲ್ಲಿ, ಅಷ್ಟು ಗದ್ದಲದ ಅಡಿಯಲ್ಲಿ, ಸಾಯಿಕುಮಾರನ ಎಳೆ ಹಾಗೆಯೇ ನಡೆಯುತ್ತಿತ್ತು. ಅಷ್ಟು ದಿನ ಕೇಳಿದ್ದರೂ ಇದು ಅವಳಿಗೆ ಕೇಳಿರಲಿಲ್ಲ.

ಹಾಡು ನಿಂತಿತು. ಈ ಕೂಗುವ ಹುಡುಗಿಗೆ ಯಾರು ಏನಂದರು ಎಂದು ಖುರ್ಷೀದಬೇಗಂ ವಿಚಾರಿಸಿದಳು. ಯಾರೂ ಏನೂ ಅಂದಿಲ್ಲ, ಅವಳು ಒಂದೇ ಕಡೆ ಇರುತ್ತಾಳೆ ಅಷ್ಟೇ ಎಂದಳು ಮಕ್ತುಂಬಿ. ಅದು ಖುರ್ಷೀದಬೇಗಂಗೆ ತಿಳಿಯಿತೋ ಇಲ್ಲವೋ. ಗುಡ್ಡಿಯ ಕಣ್ಣು ಒದ್ದೆಯಾಗಿದ್ದವು, ಅದನ್ನು ತಾಯಿ ನೋಡಿದಳು. ಎದ್ದು ಬಾಗಿಲ ಕಡೆಯ ಗಾದಿಯ ಅಂಚನ್ನು ಬೆರಳಲ್ಲಿ ಹಿಚುಕಿ ನೋಡಿದಳು, ಬಳೆಯ ಗಾಜು ನೋಡುವ ಹಾಗೆ.

"ಇದನ್ನ ಬಿಚ್ಚಿ ಮತ್ತ ಹಿಂಜ್ರಿ, ಖಾಲಾ. ಹಿಂಜಿದ ಹತ್ತಿಗಿ ಹಿಂದಿನ ನೆಪ್ಪು ಇರಲ್ಲ ಅಂತ ನಮ್ಮ ಅಮ್ಮೀ ಅಂತಿದ್ಲು. ಗಲೀಫು ಹೊಸದು ಹಾಕ್ರಿ. ಆ ಕಡಿದು ಇರ್ಲಿ. ಅದು ಬರೇ ಕೇಳ್ಯದ, ಕೇಳಿದ್ದಕ್ಕ ಏನಾಗ್ತದ?"

ಹೋಗುವಾಗ ಬಾಗಿಲಲ್ಲಿ ತಿರುಗಿ, ಹೇಳದೇ ಕೊಟ್ಟಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ ಎಂದು ಉರ್ದುವಿನಲ್ಲಿ ಅಂದಳು. ಅದು ಮೆಚ್ಚಿಕೆಯೋ ಆಕ್ಷೇಪವೋ ಎಂದು ಮಕ್ತುಂಬಿ ಇವತ್ತಿಗೂ ತೂಗಿ ನೋಡುತ್ತಿರುತ್ತಾಳೆ.

ಮರುದಿನ ಮುಂಜಾನೆ ಬಾಗಿಲ ಕಡೆಯ ಗಾದಿ ಇಳಿಯಿತು. ಹೊಲಿಗೆ ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ. ಭಾರತಿ ಅಂಗನವಾಡಿಗೆ ರಜೆ ಹಾಕಿ ಮೊದಲ ಬಸ್ಸಿಗೇ ಬಂದು, ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಹತ್ತಿ ಕಿತ್ತು ಕಿತ್ತು ಕೊಟ್ಟಳು. ಮಷಿನ್ನು ತಿರುಗಿತು. ಒಂದು ಸಲ ಹಿಂಜಿ, ತುಂಬಿ, ಹೊಲಿದು, ಗಟ್ಟಿಯಾಗಿದ್ದ ಹತ್ತಿ ಮತ್ತೆ ಹಗುರಾಗಿ ಹಾರಿ ಇಬ್ಬರ ಹುಬ್ಬಿನ ಮೇಲೆ ಕೂತಿತು. ಮೊದಲ ಸಲಕ್ಕಿಂತ ಹೆಚ್ಚು ಉಬ್ಬಿತು. ಮಕ್ತುಂಬಿ ಅದನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡಿದಳು. ಆಮೇಲೆ ಹೊಸ ಗಲೀಫಿಗೆ ತುಂಬಿ, ಸುತ್ತ ತಿರುಗಿ ತಿರುಗಿ ಹೊಲಿದಳು. ಈ ಸಲ ಅದನ್ನು ಕಲ್ಲಿನ ಕೋಣೆಯಲ್ಲಿ ಇಡಲಿಲ್ಲ, ಮಲಗುವ ಮನೆಯ ಅಟ್ಟಕ್ಕೆ ಏರಿಸಿದಳು.

ಹುಡುಗರಿಗೆ ಕೊನೆಯ ಹಾಡು ಉಳಿದಿತ್ತು, ಬಾಗಿಲ ಕಡೆಯ ಗೋಡೆ ಬರಿದಾಗಿತ್ತು. ಮುಜಫರ ಹಳೆಯ ಕೌದಿ, ಗೋಣಿ, ತನ್ನ ಅಂಗಡಿಯ ಟೈರು ಕೂಡ ತಂದು ಇಟ್ಟು ನೋಡಿದ. ಆಗಲಿಲ್ಲ. ಕೊನೆಗೆ ಬರಿ ಕಲ್ಲಿನ ಎದುರಿಗೇ ಬಾರಿಸಿದರು. ಕೂಗಿದ ಕೂಗು ಮೂರು ಕಡೆ ಹತ್ತಿಯಲ್ಲಿ ಇಂಗಿ, ಒಂದು ಕಡೆಯಿಂದ ತೀರ ಸಣ್ಣಗೆ, ಯಾರೋ ಆಚೆ ದಡದಿಂದ ಓಗೊಟ್ಟ ಹಾಗೆ ತಿರುಗಿ ಬಂತು. ಕೆಟ್ಟಿತು, ಮತ್ತೊಮ್ಮೆ ಮಾಡೋಣ ಎಂದ ಮುಜಫರ. ಸಾಯಿಕುಮಾರ ಕಿವಿಯ ತಂತಿ ತೆಗೆಯದೆ ಬಹಳ ಹೊತ್ತು ಕೂತಿದ್ದು, ಇದನ್ನ ಮುಟ್ಟಬ್ಯಾಡ್ರಿ ಎಂದ. ಅದೊಂದು ವಿಷಯಕ್ಕೆ ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದರಂತೆ. ಹಾಡು ಹಾಗೆಯೇ ಉಳಿಯಿತು.

ಗುಡ್ಡಿಯ ಮದುವೆಯಾಯಿತು. ಎರಡೂ ಗಾದಿ ಮದುಮಗಳ ಸಾಮಾನಿನ ಜತೆಗೆ ಯಾದಗಿರಿಗೆ ಹೋದವು. ಬಳೆ ಅಂಗಡಿಯಿಂದ ಮಾತು ಹೊರಬೀಳದೆ ಇರಲಿಲ್ಲ. ದೋರನಹಳ್ಳಿಯ ಒಂದು ಮನೆಯವರು ಹೇಳಿಹೋಗಿದ್ದ ಗಾದಿಯನ್ನು ಬೇಡವೆಂದರು. ಸುರಪುರದ ಇನ್ನೊಂದು ಮನೆಯವರು, ಬೆನ್ನು ತಾಗಿದರೆ ತಾಗಿದೆ ಅನ್ನುವವಳು ನೀನೊಬ್ಬಳೇ, ನಮಗೂ ಹೊಲಿದುಕೊಡು ಎಂದು ಬಂದರು. ಹೋದದ್ದೆಷ್ಟು ಬಂದದ್ದೆಷ್ಟು ಎಂದು ಅವಳು ಕೂಡಿಸಿ ಕಳೆದು ನೋಡಲಿಲ್ಲ.

ರೆಕಾರ್ಡು ಹೊರಬಂದ ದಿನ ಮುಜಫರ ಫೋನು ತಂದು ಅವಳ ಎರಡೂ ಕಿವಿಗೆ ತಂತಿ ಸಿಕ್ಕಿಸಿದ. ಅವಳು ಅಕ್ಕಿ ಆರಿಸುತ್ತ ಕೇಳಿದಳು. ಕೊನೆಯ ಹಾಡಿನಲ್ಲಿ ಆ ಬರಿ ಗೋಡೆಯ ಓಗೊಡುವಿಕೆ ಬಂದಾಗ ಕೈ ನಿಲ್ಲಿಸಿದಳು. ಆಮೇಲೆ ತಂತಿ ಕಿತ್ತು ಕೊಟ್ಟು, ಎಲ್ಲ ಸರಿ ಬಂದಿದೆ, ಆದರೆ ಇದು ಕಿವಿಗೆ ಮಾತ್ರ ಬರುತ್ತದೆ ಎಂದಳು. ಅವನಿಗೆ ಅರ್ಥವಾಗಲಿಲ್ಲ. ಅವಳು ಮತ್ತೆ ಅಕ್ಕಿ ಆರಿಸತೊಡಗಿದಳು.

ಮಳೆಗಾಲ ಶುರುವಾಗುವ ಮುಂಚೆ ಅವಳು ಮನೆಯಲ್ಲಿ ಉಳಿದ ಹತ್ತಿಯನ್ನೆಲ್ಲ ಕೂಡಿಹಾಕಿದಳು. ಬೇರೆ ಬೇರೆ ಗಾದಿಗಳಿಂದ ಮಿಕ್ಕ ಹಿಡಿ ಹಿಡಿ ಹತ್ತಿ, ಹಳೆಯದು, ಹೊಸದು. ಎಲ್ಲವನ್ನೂ ಕೂಡಿಸಿ ಹಿಂಜಿದಳು. ಮದುವೆ ಗಾದಿಗೆ ತಿರುಗುವ ಹಾಗೆಯೇ ಸುತ್ತ ತಿರುಗಿ, ಒಮ್ಮೆಯೂ ಮೇಲೆ ಏರದೆ ಹೊಲಿದಳು. ಯಾರ ಮದುವೆ ಎಂದು ಓಣಿಯವರು ಕೇಳಿದರೆ ಸುಮ್ಮನೆ ನಕ್ಕಳು.

ಎರಡೂ ಗುಂಪಿನವರು ಮತ್ತೆ ಬಾರಿಸಲು ಬಂದ ದಿನ ಬಾಗಿಲ ಕಡೆಯ ಗೋಡೆಗೆ ಅದು ಆಗಲೇ ತೂಗುಬಿದ್ದಿತ್ತು. ಡ್ರಮ್ಮಿನವನು ರೂಢಿಯಂತೆ ದೂರ ಸರಿದು ನಿಂತ. ಬೆತ್ತ ಎಲ್ಲಿ ಆಯಿ ಎಂದಳು ಭಾರತಿ. ಮಕ್ತುಂಬಿ ಮಣೆಯನ್ನು ಗಾದಿಗೆ ತಾಗಿಸಿ ಇಟ್ಟುಕೊಂಡು ಕೂತಳು, ಸೆರಗು ಸರಿ ಮಾಡಿಕೊಂಡಳು, ಎಲ್ಲರೂ ನೋಡುತ್ತಿರುವಂತೆಯೇ ನಿಧಾನಕ್ಕೆ ಹಿಂದಕ್ಕೆ ಒರಗಿದಳು.

"ಹೂಂ, ಈಗ ಶುರು ಮಾಡ್ರಿ."